ಊಟದ ಹೊತ್ತಿನಲ್ಲಿ ಮಗುವಿನ ಸದ್ದಡಗಿದರೆ ಎಚ್ಚರ

ಮಗುವಿಗೆ ಆರು ತಿಂಗಳಾಗುತ್ತಿದ್ದಂತೆ ತಾಯಂದಿರು ನನ್ನನ್ನು ಕೇಳುವುದು, "ಡಾಕ್ಟ್ರೇ, ಏನು ತಿನ್ನಿಸಲಿ?" ಅಂತ. ಹೇಗೆ ಕೂರಿಸಲಿ, ಎಷ್ಟು ದೊಡ್ಡ ತುಂಡು ಕೊಡಲಿ ಅಂತ ಕೇಳುವವರು ಕಡಿಮೆ. ಮಕ್ಕಳ ವೈದ್ಯೆಯಾಗಿ ನನಗೆ ಅದೂ ಅಷ್ಟೇ ಮುಖ್ಯ.

ಶುರು ಮಾಡುವ ಮುಂಚೆ ಮಗುವನ್ನು ನೋಡಿ. ಕತ್ತು ಚೆನ್ನಾಗಿ ನಿಂತಿದೆಯಾ? ಸ್ವಲ್ಪ ಆಸರೆ ಕೊಟ್ಟರೆ ನೆಟ್ಟಗೆ ಕೂರುತ್ತದಾ? ಬಾಯಿಗಿಟ್ಟದ್ದನ್ನೆಲ್ಲ ನಾಲಿಗೆಯಿಂದ ಹೊರಗೆ ತಳ್ಳುವುದು ನಿಂತಿದೆಯಾ? ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ ಇದೆಲ್ಲ ಕೂಡಿಬರುತ್ತದೆ.

ಹೊಸ ರುಚಿ ಸಿಕ್ಕಾಗ ಮಗು ಓಕರಿಸುವುದು ಸಹಜ. ನಾಲಿಗೆ ಮುಂದೆ ಬರುತ್ತದೆ, ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆಮ್ಮುತ್ತದೆ. ನೋಡುವವರ ಜೀವ ಬಾಯಿಗೆ ಬರುತ್ತದೆ, ನಿಜ. ಆದರೆ ಸದ್ದು ಬರುತ್ತಿದೆ ಅಂದರೆ ಉಸಿರಾಡುತ್ತಿದೆ ಎಂದರ್ಥ. ಚಿಕ್ಕ ಮಕ್ಕಳಲ್ಲಿ ಓಕರಿಕೆ ಹುಟ್ಟುವ ಜಾಗ ನಾಲಿಗೆಯ ಮೇಲೆ ಸಾಕಷ್ಟು ಮುಂದೆಯೇ ಇರುತ್ತದೆ. ತುಂಡು ಗಂಟಲಿಗೆ ಇಳಿಯುವ ಮೊದಲೇ ದೇಹ ಅದನ್ನು ಹೊರಗೆ ಹಾಕುತ್ತದೆ. ಆಗ ಬಾಯಿಗೆ ಬೆರಳು ಹಾಕಬೇಡಿ, ತುಂಡು ಇನ್ನೂ ಒಳಗೆ ಹೋಗಬಹುದು. ಪಕ್ಕದಲ್ಲೇ ಇದ್ದು ನೋಡುತ್ತಿರಿ.

ಉಸಿರುಗಟ್ಟುವುದು ಬೇರೆ. ಅಳಲು ಆಗುವುದಿಲ್ಲ, ಕೆಮ್ಮಲು ಆಗುವುದಿಲ್ಲ, ತುಟಿ ನೀಲಿಯಾಗತೊಡಗುತ್ತದೆ. ಸದ್ದೇ ಇರುವುದಿಲ್ಲ. ಅದಕ್ಕೇ ನಾನು ಪದೇ ಪದೇ ಹೇಳುವುದು: ತಿನ್ನುವ ಮಗುವನ್ನು ಒಂಟಿಯಾಗಿ ಬಿಡಬೇಡಿ. ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ಕೂತರೆ ಸಾಲದು. ಫೋನ್ ದೂರ ಇಡಿ. ಮಲಗಿದ್ದಾಗ, ಅಂಬೆಗಾಲಿಡುವಾಗ, ಕಾರಿನಲ್ಲಿ ಹೋಗುವಾಗ ತಿನ್ನಿಸುವುದೂ ಬೇಡ.

ಇನ್ನು ತುಂಡಿನ ಗಾತ್ರ. ಮುಂದಿನ ಹಲ್ಲು ಬಂದ ಮಗು ಕಚ್ಚಿ ಮುರಿಯಬಲ್ಲದು, ಆದರೆ ಅರೆಯುವ ದವಡೆ ಹಲ್ಲು ಬರುವುದು ಸಾಮಾನ್ಯವಾಗಿ ವರ್ಷ ತುಂಬಿದ ಮೇಲೆ. ಹಸಿ ಕ್ಯಾರೆಟ್, ಗಟ್ಟಿ ಸೇಬು ಕೊಟ್ಟರೆ ಕಷ್ಟವಾಗುವುದು ಇದಕ್ಕೇ. ಬೇಯಿಸಿ ಕೊಡಿ. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಸುಲಭವಾಗಿ ಮೆತ್ತಗಾಗಬೇಕು. ದ್ರಾಕ್ಷಿಯನ್ನು ಇಡಿಯಾಗಿ ಕೊಡಲೇಬೇಡಿ, ಅದು ಬಾಟಲಿಗೆ ಬಿರಡೆ ಹಾಕಿದಂತೆ ಶ್ವಾಸನಾಳವನ್ನು ಮುಚ್ಚಿಬಿಡಬಲ್ಲದು. ಅಡ್ಡಕ್ಕೆ ಕತ್ತರಿಸಿದರೂ ಅದರ ದುಂಡು ಉಳಿಯುತ್ತದೆ. ಉದ್ದಕ್ಕೆ ನಾಲ್ಕು ಸೀಳು ಮಾಡಿ. ಕಡಲೆಕಾಯಿ ಬೀಜ, ಬಾದಾಮಿಯಂಥವನ್ನು ಇಡಿಯಾಗಿ ಕೊಡಲು ಮಗುವಿಗೆ ಕನಿಷ್ಠ 4 ವರ್ಷವಾದರೂ ತುಂಬಲಿ. ಜೇನುತುಪ್ಪ 1 ವರ್ಷದವರೆಗೆ ಬೇಡವೇ ಬೇಡ. ಅದರ ಕಾರಣ ಬೇರೆ, ಬೊಟುಲಿಸಂ ಎಂಬ ಕಾಯಿಲೆಯ ಭಯ.

ಇಷ್ಟೆಲ್ಲ ಜೋಪಾನ ಮಾಡಿದರೂ ಉಸಿರುಗಟ್ಟಿದರೆ? ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮು ನಿಂತು ಉಸಿರು ಬರದಿದ್ದರೆ ವರ್ಷದೊಳಗಿನ ಮಗುವನ್ನು ಮುಂದೋಳಿನ ಮೇಲೆ ಬೋರಲು ಮಲಗಿಸಿ, ತಲೆಗೆ ಆಸರೆ ಕೊಟ್ಟು ಸ್ವಲ್ಪ ಕೆಳಗಿರುವಂತೆ ಹಿಡಿಯಿರಿ. ಅಂಗೈ ಬುಡದಿಂದ ಬೆನ್ನಿನ ರೆಕ್ಕೆಮೂಳೆಗಳ ನಡುವೆ 5 ಸಲ ಬಲವಾಗಿ ತಟ್ಟಿ. ಬರಲಿಲ್ಲವಾ? ಅಂಗಾತ ತಿರುಗಿಸಿ ಎದೆಯ ನಡುಮೂಳೆಯ ಮೇಲೆ 5 ಸಲ ಒತ್ತಿ. ತುಂಡು ಹೊರಬರುವ ತನಕ ಇದನ್ನೇ ಮುಂದುವರಿಸಿ, ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ. ಈ ವಯಸ್ಸಿನಲ್ಲಿ ಹೊಟ್ಟೆ ಒತ್ತಬಾರದು, ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಮಗು ಪ್ರಜ್ಞೆ ತಪ್ಪಿದರೆ ಕೂಡಲೇ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ತುಂಬುವ ತುರ್ತು ಚಿಕಿತ್ಸೆ, ಶುರು ಮಾಡಬೇಕು.

ಓದಿಕೊಂಡಿದ್ದು ಗಾಬರಿಯಲ್ಲಿ ಕೈಗೆ ಬರುವುದಿಲ್ಲ. ಅಪ್ಪ, ಅಮ್ಮ, ಅಜ್ಜಿ, ಮಗುವನ್ನು ನೋಡಿಕೊಳ್ಳುವವರೆಲ್ಲ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಗೊಂಬೆಯ ಮೇಲೆ ಇದನ್ನು ಮಾಡಿ ನೋಡಿ.