35 ಇಂಚಿನ ಟೈರಿಗೆ ಹಳೆ ಆಕ್ಸಲ್ ತಡೆಯುತ್ತಾ?

ಪ್ರಶ್ನೆ: ನನ್ನ ಹತ್ತಿರ 2001ರ ಜೀಪ್ ವ್ರ್ಯಾಂಗ್ಲರ್ ಇದೆ, ಇಲ್ಲೇ ಅಮೆರಿಕದಲ್ಲಿ. 35 ಇಂಚಿನ ಟೈರ್ ಹಾಕಿ, ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡೋ ಸಾಧನ) ಕೂರಿಸಿ ಬಂಡೆ ಹತ್ತಿಸೋ ಆಸೆ. ಹಿಂದೆ ಇರೋದು ಡಾನಾ ಕಂಪನಿಯ ಡಾನಾ 35 ಅನ್ನೋ ಮಾದರಿಯ ಆಕ್ಸಲ್. ಅದೇ ಸಾಕಾ, ಅಥವಾ ಒಂದೇ ಸಲಕ್ಕೆ ಅವರದೇ ದೊಡ್ಡ ಡಾನಾ 60 ಹಾಕಿಸಲಾ?

ಡಾನಾ 35 ಸಾಲುವುದಿಲ್ಲ. ಡಾನಾ 60 ನಿಮಗೆ ಬೇಕಾಗಿಲ್ಲ. ಇವೆರಡರ ನಡುವಿನದನ್ನು ನೋಡಿ.

ಬಂಡೆ ಹತ್ತಿಸುವಾಗ ಗಾಡಿ ಲೋ ರೇಂಜ್‌ನಲ್ಲಿ (ವೇಗ ಕಡಿಮೆ, ಎಳೆತ ಜಾಸ್ತಿ), ಮೊದಲ ಗೇರಿನಲ್ಲಿ ಇರುತ್ತದೆ. ಗೇರ್ ಅನುಪಾತ ಗೇರ್‌ಬಾಕ್ಸಿನಲ್ಲಿ ಸುಮಾರು 4, ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ 2.72, ಆಕ್ಸಲ್ ಒಳಗಿನ ಕ್ರೌನ್ ಪಿನಿಯನ್ ಗೇರಿನಲ್ಲಿ 3.73 ಅಂತ ಇಟ್ಟುಕೊಳ್ಳಿ. ಗುಣಿಸಿದರೆ ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಆಕ್ಸಲ್ ಒಳಗೆ ಚಕ್ರ ತಿರುಗಿಸುವ ಶಾಫ್ಟ್ ತಲುಪುವಾಗ ಸುಮಾರು 40 ಪಟ್ಟು ಆಗಿರುತ್ತದೆ. ಚಿಕ್ಕ ಟೈರ್ ಇದ್ದಾಗ ಅಷ್ಟು ಬಲ ಬೀಳುವ ಮುಂಚೆಯೇ ಟೈರ್ ಜಾರಿಬಿಡುತ್ತದೆ. ಆ ಜಾರುವುದೇ ಆಕ್ಸಲ್‌ಗೆ ಫ್ಯೂಸ್ ಇದ್ದ ಹಾಗೆ. ಟೈರ್ ದೊಡ್ಡದಾದರೆ ಹಿಡಿತ ಜಾಸ್ತಿ, ಶಾಫ್ಟಿನ ಮೇಲೆ ಬೀಳುವ ಎಳೆತವೂ ಜಾಸ್ತಿ. ಅದರ ಮೇಲೆ ಲಾಕರ್ ಬೇರೆ. ಒಂದು ಚಕ್ರ ಗಾಳಿಯಲ್ಲಿ ತೇಲುವಾಗ ಪೂರ್ತಿ ಬಲ ಇನ್ನೊಂದು ಶಾಫ್ಟಿನ ತಲೆ ಮೇಲೆ.

ಡಾನಾ 35ರ ಶಾಫ್ಟ್ 1.18 ಇಂಚು ದಪ್ಪ. ಅದಕ್ಕಿಂತ ದೊಡ್ಡ ಡಾನಾ 44ರದ್ದು 1.31. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ತಿರುಚು ತಡೆಯುವ ಶಕ್ತಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಒಂದೇ ಉಕ್ಕಾದರೆ ಡಾನಾ 44 ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗಟ್ಟಿ. ನಿಮ್ಮ ಹಳೆ ಶಾಫ್ಟ್ ಹೊರಗೆ ಎಳೆದಾಗ ತುದಿಯ ಸ್ಪ್ಲೈನ್ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ. ನೆಟ್ಟಗಿರಬೇಕಾದ ಗೆರೆಗಳು ಓರೆಯಾಗಿದ್ದರೆ ಅದು ಆಗಲೇ ಮಣಿದಿದೆ, ಮುರಿಯೋದೊಂದೇ ಬಾಕಿ. ಡಾನಾ 35ರಲ್ಲಿ ಶಾಫ್ಟನ್ನು ಒಳಗೆ ಹಿಡಿದಿರುವುದು ಒಂದು ಸಣ್ಣ ಸಿ-ಕ್ಲಿಪ್. ಶಾಫ್ಟ್ ಮುರಿದರೆ ಚಕ್ರ ಸಮೇತ ಹೊರಗೆ ಬರಬಹುದು.

ಡಾನಾ 44 ಸಿಕ್ಕರೆ ಒಳ್ಳೆಯದೇ. ಕೈಗೆಟುಕುವ ಇನ್ನೊಂದು ದಾರಿ ಫೋರ್ಡ್ ಎಕ್ಸ್‌ಪ್ಲೋರರ್‌ನ 8.8 ಇಂಚಿನ ಆಕ್ಸಲ್ (8.8 ಅದರ ಕ್ರೌನ್ ಗೇರಿನ ಅಗಲ). 1995ರಿಂದ 2001ರವರೆಗಿನ ಗಾಡಿಗಳದ್ದು ಹುಡುಕಿ. ಶಾಫ್ಟಿನ ತುದಿಗೆ 31 ಸ್ಪ್ಲೈನ್, ಡಿಸ್ಕ್ ಬ್ರೇಕ್, ಚಕ್ರಕ್ಕೆ ವ್ರ್ಯಾಂಗ್ಲರ್‌ನದೇ ಬೋಲ್ಟ್ ಅಳತೆ. ಇದರಲ್ಲೂ ಸಿ-ಕ್ಲಿಪ್ ಇದೆ ಅನ್ನೋದು ನೆನಪಿರಲಿ. ಸಸ್ಪೆನ್ಷನ್ ಹಿಡಿಯುವ ಬ್ರಾಕೆಟ್‌ಗಳನ್ನು ಹೊಸದಾಗಿ ವೆಲ್ಡ್ ಮಾಡಿಸಬೇಕು. ಮೊದಲು ಟ್ಯಾಕ್ (ಚುಕ್ಕೆ ವೆಲ್ಡ್) ಮಾತ್ರ ಹೊಡೆಸಿ, ಗಾಡಿಯ ಭಾರ ಸ್ಪ್ರಿಂಗ್ ಮೇಲೆ ಕೂರಲಿ, ಪಿನಿಯನ್ ಕೋನ (ಡ್ರೈವ್ ಶಾಫ್ಟ್ ಬಂದು ಸೇರುವ ಕೋನ) ನೋಡಿ, ಆಮೇಲೆ ಪೂರ್ತಿ ವೆಲ್ಡ್. ಅದೂ ಸ್ವಲ್ಪ ಸ್ವಲ್ಪವೇ, ಆರಲು ಬಿಟ್ಟು. ಒಂದೇ ಉಸಿರಿಗೆ ಹೊಡೆದರೆ ಆಕ್ಸಲ್ ಟ್ಯೂಬ್ ಬಾಗುತ್ತದೆ.

ಕ್ರೌನ್ ಪಿನಿಯನ್ ಗೇರಿನ ಲೆಕ್ಕ ಸುಲಭ. 30 ಇಂಚಿನ ಟೈರಿಗೆ 3.73 ಇದ್ದರೆ 35ಕ್ಕೆ 4.35 ಬೇಕು. ಸಿಗುವುದರಲ್ಲಿ 4.56 ತಗೊಳ್ಳಿ. ಹಿಂದೆ ಬದಲಾಯಿಸಿದರೆ ಮುಂದೂ ಅದೇ ಅನುಪಾತ ಇರಲೇಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಒಂದನ್ನೊಂದು ಎಳೆದಾಡುತ್ತವೆ. ಆದ್ದರಿಂದಲೇ ಹೇಳೋದು, ಡಾನಾ 35ಕ್ಕೆ ಗೇರ್, ಲಾಕರ್ ಅಂತ ಈಗ ದುಡ್ಡು ಸುರಿಯಬೇಡಿ. ಆಕ್ಸಲ್ ಬದಲಿಸುವ ದಿನ ಅವು ಯಾವುದೂ ಹೊಸದರೊಳಗೆ ಕೂರುವುದಿಲ್ಲ.

ಡಾನಾ 60 ಯಾಕೆ ಬೇಡ? ಅದರ 35 ಸ್ಪ್ಲೈನ್ ಶಾಫ್ಟ್ 1.5 ಇಂಚು, ಗಟ್ಟಿ ನಿಜ. ಆದರೆ ಭಾರ ಜಾಸ್ತಿ, ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಗೂಡು) ಹೊಟ್ಟೆಯೂ ದೊಡ್ಡದು. 35 ಇಂಚಿನ ಟೈರಿನಲ್ಲಿ ಆ ಹೊಟ್ಟೆ ಕಲ್ಲಿಗೆ ತಗಲುತ್ತಲೇ ಇರುತ್ತದೆ. 38, 40 ಇಂಚಿನ ಟೈರ್ ಹಾಕುವವರಿಗೆ ಅದು.

ಊರಲ್ಲಿ ಥಾರ್, ಜಿಪ್ಸಿ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೂ ಲೆಕ್ಕ ಇದೇ, ಕಾನೂನು ಮಾತ್ರ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸಾಮಾನು ಕೊಳ್ಳುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.