ರೂಢಿ ಇದ್ದವರಿಗೆ ಬಿಸಿಲು ಹೊಡೆಯಲ್ವಾ?

ಪ್ರಶ್ನೆ: ನಮ್ಮ ಮನೆಯವರು ಗಾರೆ ಕೆಲಸ ಮಾಡ್ತಾರೆ. ಊರು ಯಾದಗಿರಿ ಕಡೆ, ಈಗ ಬೆಂಗಳೂರಲ್ಲಿದ್ದೇವೆ. ಏಪ್ರಿಲ್ ಬಿಸಿಲಲ್ಲೂ ತಲೆಗೆ ಬಟ್ಟೆ ಸುತ್ತಲ್ಲ, ನೀರೂ ಸರಿಯಾಗಿ ಕುಡಿಯಲ್ಲ. ಕೇಳಿದರೆ "ನಾವು ಬಿಸಿಲಾಗೇ ಹುಟ್ಟಿ ಬೆಳದವ್ರು, ನಮಗೇನಾಗ್ತದ" ಅಂತಾರೆ. ರೂಢಿ ಇದ್ದವರಿಗೆ ಬಿಸಿಲು ಹೊಡೆಯಲ್ಲ ಅನ್ನೋದು ನಿಜಾನಾ?

ಉತ್ತರ: ಅರ್ಧ ನಿಜ. ಅಪಾಯ ಇರುವುದು ಉಳಿದರ್ಧದಲ್ಲಿ.

ರೂಢಿ ಅನ್ನುವುದು ಸುಳ್ಳಲ್ಲ. ದಿನಾ ಬಿಸಿಲಲ್ಲಿ ದುಡಿದರೆ 7ರಿಂದ 14 ದಿನದೊಳಗೆ ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ. ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಮೊದಲಿನಷ್ಟು ಎದೆ ಹೊಡೆದುಕೊಳ್ಳುವುದಿಲ್ಲ. ಆದರೆ ಇದು ಹುಟ್ಟಿದ ಊರಿಂದ ಬಂದದ್ದಲ್ಲ, ಹೋದ ಎರಡು ವಾರ ಬಿಸಿಲಲ್ಲಿ ದುಡಿದದ್ದರಿಂದ ಬಂದದ್ದು. ಒಂದು ವಾರ ಕೆಲಸ ಬಿಟ್ಟರೆ ಇಳಿಯಲು ಶುರು. ತಿಂಗಳು ಬಿಟ್ಟರೆ ಹೆಚ್ಚುಕಡಿಮೆ ಹೋದಂತೆಯೇ. ಇನ್ನೊಂದು ಮಾತು: ರೂಢಿಯಾದವರು ಬೆವರುವುದು ಜಾಸ್ತಿ, ಹಾಗಾಗಿ ಅವರಿಗೆ ನೀರೂ ಜಾಸ್ತಿ ಬೇಕು. ನಿಮ್ಮ ಮನೆಯವರ ಲೆಕ್ಕ ಇಲ್ಲಿ ತಿರುಗಾಮುರುಗಾ ಆಗಿದೆ.

ನಮ್ಮ ಮನೆಯ ಮೌಲ್ಡ್, ಅಂದರೆ ಕಾಂಕ್ರೀಟ್ ತಾರಸಿ, ಹಾಕಿದ ದಿನ ನಾನೇ ಇದನ್ನು ನೋಡಿದೆ. ಅದೂ ಏಪ್ರಿಲ್. ಮೌಲ್ಡ್ ಕೆಲಸ ಅಂದರೆ ಗೊತ್ತಲ್ಲ, ಒಮ್ಮೆ ಶುರುವಾದರೆ ಮುಗಿಯೋವರೆಗೆ ನಿಲ್ಲಿಸುವ ಹಾಗಿಲ್ಲ. ಕಾಲಡಿಯ ಸೆಂಟ್ರಿಂಗ್ ಶೀಟು ಹೆಂಚಿನ ಹಾಗೆ ಕಾದಿತ್ತು. ಹನ್ನೆರಡೂವರೆ ಹೊತ್ತಿಗೆ ಒಬ್ಬ ಹುಡುಗ ಬಾಂಡ್ಲಿ ಕೆಳಗಿಟ್ಟು ಗೋಡೆ ಕಡೆ ತಿರುಗಿ ಏನೇನೋ ಮಾತಾಡತೊಡಗಿದ. ಹೆಸರು ಕೇಳಿದರೆ ಊರಿನ ಹೆಸರು ಹೇಳಿದ. ಮೇಸ್ತ್ರಿ ನಕ್ಕು, "ರಾತ್ರಿ ಹಾಕಿದ್ದು ಇನ್ನೂ ಇಳಿದಿಲ್ಲ ಸಾರ್" ಅಂದರು. ಹುಡುಗನ ಮೈಯಿಂದ ಬೆವರು ಧಾರಾಕಾರ ಸುರಿಯುತ್ತಿತ್ತು. ಬೆವರುತ್ತಿದ್ದಾನಲ್ಲ, ಏನೂ ಆಗಿಲ್ಲ ಅಂತಲೇ ನಾನೂ ಅಂದುಕೊಂಡೆ. ಜೊತೆಗಿದ್ದ ಹೆಂಗಸೊಬ್ಬರು ಅವನ ಕುತ್ತಿಗೆ ಮುಟ್ಟಿ ನೋಡಿ, ಯಾರನ್ನೂ ಕೇಳದೆ ಕಾಂಕ್ರೀಟಿಗೆ ನೀರು ಹಿಡಿಯುವ ಕ್ಯೂರಿಂಗ್ ಪೈಪ್ ಎಳೆದು ತಲೆಯಿಂದ ಕಾಲಿನವರೆಗೆ ನೀರು ಬಿಟ್ಟರು. ಹುಡುಗ ಉಳಿದ. ಆಮೇಲೆ ಗೊತ್ತಾಯಿತು, ಅವನು ಊರಲ್ಲಿ ಇಪ್ಪತ್ತೈದು ದಿನ ಇದ್ದು ಹಿಂದಿನ ದಿನವಷ್ಟೇ ಬಂದಿದ್ದ.

ಬಿಸಿ ಬರುವುದು ಸೂರ್ಯನಿಂದ ಮಾತ್ರ ಅಲ್ಲ. ಭಾರ ಹೊತ್ತಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಬಿಸಿಯಾಗಿಯೇ ಮೈಯಲ್ಲಿ ಉಳಿಯುತ್ತದೆ. ಅದನ್ನು ಹೊರಹಾಕುವುದು ಬೆವರು. ಮಣ್ಣಿನ ಮಡಕೆಯನ್ನೇ ನೋಡಿ. ಒಣ ಬೇಸಿಗೆಯಲ್ಲಿ ನೀರು ತಣ್ಣಗಿರುತ್ತದೆ, ಮಳೆಗಾಲದಲ್ಲಿ ಅಷ್ಟಿರಲ್ಲ. ಹೊರಗೆ ಜಿನುಗಿದ ನೀರು ಆರಿದರೆ ತಾನೇ ತಂಪು? ಮೈಯೂ ಹಾಗೇ. ಬೆವರು ಬಂದರೆ ಸಾಲದು, ಅದು ಆರಬೇಕು. ಅದಕ್ಕೇ ಮಂಗಳೂರಿನ ಸೆಕೆಯಲ್ಲಿ 35 ಡಿಗ್ರಿಯೇ ಜೀವ ಹಿಂಡುತ್ತದೆ. ಹವಾಮಾನ ಇಲಾಖೆಯೂ ಬಿಸಿಗಾಳಿ ಅನ್ನಲು ಬಯಲುಸೀಮೆಗೆ ಕನಿಷ್ಠ 40 ಡಿಗ್ರಿ, ಕರಾವಳಿಗೆ 37 ಅಂತ ಬೇರೆಬೇರೆ ಗೆರೆ ಇಟ್ಟಿದೆ. ಅಂದಹಾಗೆ, ಆ ಡಿಗ್ರಿ ಅಳೆಯುವುದು ನೆರಳಲ್ಲಿ. ಬಿಸಿಲಲ್ಲಿ ನಿಂತವರ ಪಾಡು ಅದಕ್ಕಿಂತ ಜಾಸ್ತಿ.

ಹಾಗಾದರೆ ಗಾಬರಿ ಆಗಬೇಕಾದ್ದು ಯಾವಾಗ? ತಲೆನೋವು, ವಾಕರಿಕೆ, ಕಾಲು ಹಿಡಿದುಕೊಳ್ಳುವುದು, ಸುಸ್ತು ಬಂದರೆ ಕೆಲಸ ನಿಲ್ಲಿಸಿ ನೆರಳಿಗೆ ಹೋಗಬೇಕು, ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿಯಬೇಕು. ಮಾತು ಅಡ್ಡಾದಿಡ್ಡಿಯಾದರೆ, ತೂರಾಡಿದರೆ, ಸುಮ್ಸುಮ್ನೆ ರೇಗಿದರೆ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಒಳಗಿನ ಶಾಖ 40 ಡಿಗ್ರಿ ದಾಟಿರುತ್ತದೆ. ಮೈ ಒಣಗಿದ್ದರೆ ಮಾತ್ರ ಹೀಟ್ ಸ್ಟ್ರೋಕ್ ಅನ್ನುವುದು ತಪ್ಪು, ದುಡಿಯುವವರಲ್ಲಿ ಬೆವರು ಇದ್ದೇ ಇರಬಹುದು. ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಅಷ್ಟರಲ್ಲಿ ಮೈಗೆಲ್ಲ ನೀರು ಸುರಿದು ಗಾಳಿ ಹಾಕಲಿ. ಮೊದಲ ಅರ್ಧ ಗಂಟೆಯೊಳಗೆ ಮೈ ತಣಿಯಬೇಕು. ಆಂಬುಲೆನ್ಸ್ ಬರಲಿ ಅಂತ ಕಾಯುತ್ತಾ ಕೂರಬೇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆಯಿಂದ ಉಪಯೋಗವಿಲ್ಲ, ಇದು ಜ್ವರವಲ್ಲ.

ಇನ್ನು ತಡೆಯುವ ಮಾತು. ರಜೆಯಿಂದ ವಾಪಸ್ ಬಂದ ಹಳಬರು ಮೊದಲ ದಿನ ಅರ್ಧ ಕೆಲಸ, ಎರಡನೇ ದಿನ ಸ್ವಲ್ಪ ಜಾಸ್ತಿ, ನಾಲ್ಕನೇ ದಿನಕ್ಕೆ ಪೂರ್ತಿ ಮಾಡಬಹುದು. ಹೊಸಬರಾದರೆ ಮೊದಲ ದಿನ ಐದರಲ್ಲಿ ಒಂದು ಪಾಲು ಸಾಕು. ಬಾಯಾರಿಕೆಗೆ ಕಾಯದೆ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು. ಹಾಗಂತ ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಬೆಳಿಗ್ಗೆ ಜೋಳದ ಅಂಬಲಿಗೆ ಮಜ್ಜಿಗೆ, ಉಪ್ಪು ಬೆರೆಸಿ ಕುಡಿದು ಹೊಲಕ್ಕೆ ಹೋಗುತ್ತಿದ್ದ ನಿಮ್ಮ ಕಡೆಯ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹಿಂದಿನ ರಾತ್ರಿ ಹೆಂಡ ಬೇಡ. ಬಿಪಿಗೆ ಮೂತ್ರ ಹೆಚ್ಚು ಹೋಗುವ ಮಾತ್ರೆ ತಗೊಳ್ಳುವವರು ಬೇಸಿಗೆಗೆ ಮುಂಚೆ ಡಾಕ್ಟರನ್ನು ಒಮ್ಮೆ ಕೇಳಲಿ.

ನೀರು ಕುಡಿಯಿರಿ ಅಂತ ಹೇಳುವುದು ಸುಲಭ. ಸೈಟಿನಲ್ಲಿ ಕಕ್ಕಸು ಇಲ್ಲದಿದ್ದರೆ ಹೆಂಗಸರು ಎಲ್ಲಿ ಕುಡಿಯುತ್ತಾರೆ? ಬಾಯಿ ಮುಕ್ಕಳಿಸಿ ಉಗಿದು, ಮತ್ತೆ ಬಾಂಡ್ಲಿ ಎತ್ತುತ್ತಾರೆ. ರಾತ್ರಿ ತಗಡಿನ ಶೆಡ್ಡಿನಲ್ಲಿ ಮಲಗಿದವರ ಮೈ ಆರುವುದೇ ಇಲ್ಲ, ಮರುದಿನ ಅರ್ಧ ಬೆಂದೇ ಕೆಲಸಕ್ಕೆ ಬರುತ್ತಾರೆ. ಕಲಬುರಗಿ, ಯಾದಗಿರಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಒಳ್ಳೆಯದೇ. ಆದರೆ ಫ್ಯಾನ್ ಕೆಳಗಿರುವವರಿಗೆ ಸಿಗುವ ಈ ರಿಯಾಯಿತಿ ಮೌಲ್ಡ್ ಮೇಲೆ ನಿಂತವರಿಗೆ ಸಿಗುವುದು ಮೇಸ್ತ್ರಿ ಮನಸ್ಸು ಮಾಡಿದರೆ ಮಾತ್ರ.

ನಿಮ್ಮ ಮನೆಯವರ ಜೊತೆ ವಾದ ಮಾಡಬೇಡಿ. ಈ ಸಲ ಜಾತ್ರೆ ಮುಗಿಸಿ ಬಂದಾಗ, ಊರಲ್ಲಿ ಎಷ್ಟು ದಿನ ನೆರಳಲ್ಲಿದ್ದಿರಿ ಅಂತ ಕೇಳಿ. ವಾರ ದಾಟಿದ್ದರೆ ಮೊದಲ ದಿನ ಅರ್ಧ ಕೆಲಸಕ್ಕೆ ಒಪ್ಪಿಸಿ. ಬುತ್ತಿಯ ಜೊತೆ ಎರಡು ಲೀಟರ್ ಕ್ಯಾನಿನಲ್ಲಿ ನೀರು, ಜೇಬಲ್ಲೊಂದು ಓಆರ್‌ಎಸ್ ಪ್ಯಾಕೆಟ್ ಇಡಿ. ಪಕ್ಕದಲ್ಲಿ ಕೆಲಸ ಮಾಡುವವರಿಗೂ ಕ್ಯೂರಿಂಗ್ ಪೈಪಿನ ವಿಷಯ ಹೇಳಿರಿ. ಬಿಸಿಲು ತಲೆಗೇರಿದವರಿಗೆ ತಮಗೇನಾಗಿದೆ ಅಂತ ತಿಳಿಯುವುದಿಲ್ಲ, ಪಕ್ಕದವರೇ ನೋಡಬೇಕು.