ಮಂಗಳದಿಂದ ವಾಪಸ್ ಬರುವ ರಾಕೆಟ್‌ಗೆ ಆಮ್ಲಜನಕ ಎಲ್ಲಿಂದ?

ಓದುಗರ ಪ್ರಶ್ನೆ: ಮನುಷ್ಯರು ಮಂಗಳಕ್ಕೆ ಹೋದರೆ, ವಾಪಸ್ ಬರಲು ಬೇಕಾದ ಇಂಧನವನ್ನೆಲ್ಲ ಇಲ್ಲಿಂದಲೇ ಹೊತ್ತುಕೊಂಡು ಹೋಗಬೇಕಾ?

ಇಂಧನವನ್ನು ಹೇಗೋ ಒಯ್ಯಬಹುದು. ಕಷ್ಟವಿರುವುದು ಅದನ್ನು ಉರಿಸುವ ಆಮ್ಲಜನಕದ್ದು. ನಾಲ್ವರನ್ನು ಮಂಗಳದ ನೆಲದಿಂದ ಮೇಲೆತ್ತಲು ಸುಮಾರು 7 ಟನ್ ಇಂಧನ, 25 ಟನ್ ಆಮ್ಲಜನಕ ಬೇಕು ಎಂಬುದು ನಾಸಾದ ಅಂದಾಜು. ಅದೇ ನಾಲ್ವರು ಅಲ್ಲಿ ಒಂದು ವರ್ಷ ಉಸಿರಾಡಲು ಹೆಚ್ಚುಕಡಿಮೆ 1 ಟನ್ ಸಾಕು. ಇದುವರೆಗೆ ಅಲ್ಲಿ ಇಳಿದಿರುವ ಅತಿ ಭಾರದ ರೋವರ್ ಪರ್ಸಿವರೆನ್ಸ್ ತೂಗುವುದೇ 1,025 ಕೆ.ಜಿ. ಅಂಥ ಇಪ್ಪತ್ತೈದು ರೋವರ್‌ಗಳ ತೂಕದ ಆಮ್ಲಜನಕವನ್ನು ಇಲ್ಲಿಂದ ಸಾಗಿಸುವ ಬದಲು ಮಂಗಳದ ಗಾಳಿಯಿಂದಲೇ ತೆಗೆಯಬೇಕು. ಆ ಗಾಳಿ ತೀರಾ ತೆಳುವಾದರೂ ಅದರ ಶೇ 95ರಷ್ಟು ಕಾರ್ಬನ್ ಡೈಆಕ್ಸೈಡ್.

ಪರ್ಸಿವರೆನ್ಸ್ ಒಳಗಿದ್ದ ಮಾಕ್ಸಿ ಎಂಬ 17 ಕೆ.ಜಿ.ಯ ಉಪಕರಣ ಇದನ್ನು ಮಾಡಿ ತೋರಿಸಿದೆ. ಫಿಲ್ಟರ್ ಧೂಳು ತಡೆಯುತ್ತದೆ, ಕಂಪ್ರೆಸರ್ ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತದೆ, ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಸೆರಾಮಿಕ್ ಕೋಶಗಳಲ್ಲಿ ವಿದ್ಯುತ್ ಹರಿದು ಆಮ್ಲಜನಕ ಒಂದು ಕಡೆಗೆ, ಕಾರ್ಬನ್ ಮಾನಾಕ್ಸೈಡ್ ಇನ್ನೊಂದು ಕಡೆಗೆ ಹೋಗುತ್ತದೆ. ವೋಲ್ಟೇಜ್ ಮಿತಿ ಮೀರಿದರೆ ಮಾನಾಕ್ಸೈಡ್ ಕೂಡ ಒಡೆದು, ಕೋಶದೊಳಗೆ ಮಸಿ ಕಟ್ಟಿ, ಕೋಶವೇ ಹಾಳಾಗುತ್ತದೆ. 2021ರಿಂದ 2023ರವರೆಗೆ 16 ಬಾರಿ ಚಾಲೂ ಮಾಡಿ ಪಡೆದದ್ದು ಒಟ್ಟು 122 ಗ್ರಾಂ. ಗರಿಷ್ಠ ವೇಗ ಗಂಟೆಗೆ 12 ಗ್ರಾಂ.

ಈಗ ಲೆಕ್ಕ ಹಾಕಿ. ಮಂಗಳಕ್ಕೆ ಹೊರಡುವ ಅವಕಾಶ ಸಿಗುವುದು 26 ತಿಂಗಳಿಗೊಮ್ಮೆ. ಯಂತ್ರ ಒಂದು ಸರದಿ ಮುಂಚೆ ಹೋಗಬೇಕು. ಪ್ರಯಾಣಕ್ಕೆ 7 ತಿಂಗಳು, ಜೋಡಣೆ ಮತ್ತು ತಪಾಸಣೆಗೆ 5 ತಿಂಗಳು ಬಿಟ್ಟರೆ ಉಳಿಯುವುದು 14. ಅಷ್ಟರಲ್ಲಿ 25 ಟನ್ ಆಗಬೇಕಾದರೆ ಗಂಟೆಗೆ ಸುಮಾರು 2.5 ಕೆ.ಜಿ. ಬೇಕು, ಅಂದರೆ ಮಾಕ್ಸಿಯ 200 ಪಟ್ಟು, ಅದೂ ಹಗಲುರಾತ್ರಿ ನಿಲ್ಲದೆ. ಸೌರಫಲಕ ನಂಬಿ ಕೂರುವಂತಿಲ್ಲ. 2018ರ ಧೂಳಿನ ಬಿರುಗಾಳಿ ಆಪರ್ಚುನಿಟಿ ರೋವರನ್ನು ಶಾಶ್ವತವಾಗಿ ಮೌನವಾಗಿಸಿತು. ಸಣ್ಣ ಅಣು ರಿಯಾಕ್ಟರ್ ಬೇಕೆನ್ನುವುದು ಇದಕ್ಕೇ.

ತಯಾರಿಸಿದ ಮಾತ್ರಕ್ಕೆ ಮುಗಿಯಲಿಲ್ಲ, ಕಾಪಾಡಬೇಕು. ಇಲ್ಲಿ ದಕ್ಷಿಣ ಧ್ರುವದ ಅನುಭವಕ್ಕಿಂತ ದೊಡ್ಡ ಪಾಠ ನನಗೆ ಕಾಣುವುದಿಲ್ಲ. 1912ರಲ್ಲಿ ಧ್ರುವದಿಂದ ಮರಳುತ್ತಿದ್ದ ಬ್ರಿಟಿಷ್ ಅನ್ವೇಷಕ ಸ್ಕಾಟ್‌ನ ತಂಡ ದಾರಿಯ ದಾಸ್ತಾನುಗಳಲ್ಲಿ ಡಬ್ಬಿ ತೆರೆದರೆ ಸೀಮೆಎಣ್ಣೆ ಇರಬೇಕಾದಷ್ಟು ಇರಲಿಲ್ಲ. ಮುಚ್ಚಳದ ಚರ್ಮದ ವಾಷರ್‌ಗಳ ಸಂದಿಯಿಂದ ಎಣ್ಣೆ ಆವಿಯಾಗಿ ಹೋಗಿತ್ತು. ಎಣ್ಣೆಯಿಲ್ಲದಿದ್ದರೆ ಹಿಮ ಕರಗಿಸಿ ನೀರು ಮಾಡುವಂತಿಲ್ಲ, ಬಿಸಿ ಊಟವೂ ಇಲ್ಲ. ಅವರಿಗಿಂತ ಮೊದಲು ಧ್ರುವ ತಲುಪಿದ ನಾರ್ವೆಯ ಅಮುಂಡ್‌ಸೆನ್ ತನ್ನ ಡಬ್ಬಿಗಳಿಗೆ ಬೆಸುಗೆ ಹಾಕಿಸಿದ್ದ. ಆಮ್ಲಜನಕವನ್ನು ತಣಿಸಿ ದ್ರವವಾಗಿ ಟ್ಯಾಂಕಿನಲ್ಲಿಡಬೇಕು. ಆ ದ್ರವ ಇನ್ನೂ ಹಠಮಾರಿ: ಮೈನಸ್ 183 ಡಿಗ್ರಿಗಿಂತ ಬೆಚ್ಚಗಾದರೆ ಕುದಿಯತೊಡಗುತ್ತದೆ. ಆವಿಯನ್ನು ಮತ್ತೆ ತಣಿಸಿ ದ್ರವವಾಗಿಸುವ ಕೂಲರ್ ಬೇಕು, ಒಂದು ಕೆಟ್ಟರೆ ಇನ್ನೊಂದಿರಬೇಕು, ಪ್ರತಿ ಕವಾಟದ ಸೋರಿಕೆಯನ್ನೂ ವರ್ಷಗಳ ಲೆಕ್ಕದಲ್ಲಿ ಅಳೆದಿರಬೇಕು.

ಜಾಗದ ವಿಷಯವೂ ಅಷ್ಟೇ ಗಂಭೀರ. ಸ್ಕಾಟ್‌ನ ಒನ್ ಟನ್ ಡಿಪೋ ಎಂಬ ದಾಸ್ತಾನು 80 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಇರಬೇಕಿತ್ತು. ಕುದುರೆಗಳು ಬಳಲಿದ್ದರಿಂದ 50 ಕಿ.ಮೀ.ಗೂ ಹೆಚ್ಚು ಹಿಂದೆಯೇ ಇಟ್ಟರು. ಮರಳುತ್ತಿದ್ದ ತಂಡದಲ್ಲಿ ಉಳಿದಿದ್ದ ಸ್ಕಾಟ್ ಮತ್ತು ಇನ್ನಿಬ್ಬರು ಸತ್ತದ್ದು ಅದರಿಂದ ಸುಮಾರು 20 ಕಿ.ಮೀ. ದೂರದಲ್ಲಿ. ತುಂಬಿದ ಟ್ಯಾಂಕ್ ಒಂದು ಕಡೆ, ಜನ ಇಳಿದದ್ದು ಇನ್ನೊಂದು ಕಡೆ ಆದರೆ ಮಂಗಳದಲ್ಲೂ ಇದೇ ಗತಿ. ಪರ್ಸಿವರೆನ್ಸ್‌ಗೆ ಗುರುತು ಮಾಡಿದ್ದ ಇಳಿದಾಣವೇ ಸುಮಾರು 7.7 ಕಿ.ಮೀ. ಉದ್ದ, 6.6 ಕಿ.ಮೀ. ಅಗಲ ಇತ್ತು. ಮನುಷ್ಯರಿಗೆ ಇಷ್ಟು ನಿಖರತೆ ಸಾಲದು. ಟ್ಯಾಂಕಿನ ಪಕ್ಕ ಜಾಗ ತೋರಿಸುವ ರೇಡಿಯೊ ಬೀಕನ್, ಅಲ್ಲಿಗೆ ತಲುಪಿಸುವ ರೋವರ್ ಎರಡೂ ಬೇಕು.

ಉಳಿದದ್ದು ಎಂಜಿನ್. ಬೆಂಗಳೂರಿನ ಇಸ್ರೋ ಕೇಂದ್ರದಿಂದ ನಡೆಸಿದ ಮಂಗಳಯಾನದಲ್ಲಿ ಮುಖ್ಯ ಎಂಜಿನ್ ಸುಮಾರು 300 ದಿನ ಸುಮ್ಮನಿತ್ತು. ಹಾಗಾಗಿ 2014ರ ಸೆಪ್ಟೆಂಬರ್ 22ರಂದು 4 ಸೆಕೆಂಡ್ ಉರಿಸಿ ನೋಡಿ, 24ರಂದು ಕಕ್ಷೆಗೆ ಸೇರಿಸಿದರು. ಮಂಗಳದ ನೆಲದಲ್ಲಿ ಕಾಯುವ ಎಂಜಿನ್ ಇದಕ್ಕಿಂತ ಹೆಚ್ಚು ಕಾಲ ಸುಮ್ಮನಿದ್ದು, ಒಂದೇ ಸಲಕ್ಕೆ ಹೊತ್ತಿಕೊಳ್ಳಬೇಕು. ಅದರ ಕವಾಟಗಳು ಕೆಲಸ ಮಾಡುತ್ತಿವೆ, ಟ್ಯಾಂಕ್ ತುಂಬಿದೆ, ಮಟ್ಟ ತಿಂಗಳುಗಟ್ಟಲೆ ಇಳಿದಿಲ್ಲ ಎಂಬ ಮಾಹಿತಿ ಭೂಮಿಗೆ ತಲುಪಿದ ಮೇಲೆಯೇ ಗಗನಯಾತ್ರಿಗಳು ಹೊರಡಬೇಕು. ಮೀಟರ್ 22 ಟನ್ ತೋರಿಸುತ್ತಿದ್ದರೆ ಪ್ರಯಾಣ ಮುಂದಿನ 26 ತಿಂಗಳಿಗೆ ಹೋಗಲಿ.